ಅಕ್ಕನ ಮಾತು, ತಮ್ಮನ ಗಂಟಲು

ನನ್ನ ಸೋದರಮಾವ ಬದುಕಿನಲ್ಲಿ ಎರಡೇ ಕೆಲಸಗಳನ್ನು ಮನಸ್ಸಿಟ್ಟು ಮಾಡಿದವರು. ಒಂದು, ಕೆಟ್ಟು ನಿಂತ ಲಿಫ್ಟುಗಳನ್ನು ರಿಪೇರಿ ಮಾಡುವುದು. ಇನ್ನೊಂದು, ದೇವರಿಲ್ಲ ಎಂದು ನನ್ನ ಅಮ್ಮನ ಜೊತೆ ಜಗಳವಾಡುವುದು. ಮೊದಲನೆಯದಕ್ಕೆ ವಾರದ ಆರು ದಿನ, ಎರಡನೆಯದಕ್ಕೆ ರಜೆಯ ಗುರುವಾರ. ನಮ್ಮ ಮನೆ ಮೂರನೆಯ ಮಹಡಿಯಲ್ಲಿತ್ತು. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಊರಿನ ಅರ್ಧ ಜನರನ್ನು ಮೇಲೆ ಕೆಳಗೆ ಓಡಾಡಿಸುವ ಮನುಷ್ಯ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಬೂಟಿನ ದಾರ ಬಿಚ್ಚುವ ಮೊದಲೇ, ಹಿಂದಿನ ವಾರ ವಾದ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಕಟ್ಟಡದ ಮಕ್ಕಳೆಲ್ಲ ಅವರನ್ನು ‘ಮೇಲೆಕೆಳಗೆ ಮಾಮ’ ಎನ್ನುತ್ತಿದ್ದರು. ನನಗೆ ಬರೀ ಮಾಮ.

ಅಮ್ಮನೂ ಬಿಟ್ಟುಕೊಡುವವಳಲ್ಲ. ಅವಳು ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸಕ್ಕಿದ್ದಳು. ಹರಿದ ಹೊದಿಕೆಗೆ ತೇಪೆ ಹಾಕುವುದು, ರೋಗಿಗಳ ಅಂಗಿಗೆ ಲಾಡಿ ಹೊಲಿಯುವುದು, ಆಪರೇಷನ್ ಮಾಡುವಾಗ ಮೈಮೇಲೆ ಹಾಸುವ ಹಸಿರು ಬಟ್ಟೆಯ ನಡುವಿನ ಕಿಂಡಿಗೆ ಅಂಚು ಕಟ್ಟುವುದು. ಮೆಷಿನ್ನಿನ ಸದ್ದಿನಲ್ಲಿ ವಾರವಿಡೀ ಮಾತಿಲ್ಲದೆ ದುಡಿದವಳಿಗೆ ಗುರುವಾರ ಬಂತೆಂದರೆ ನಾಲಿಗೆಗೆ ಜೀವ ಬರುತ್ತಿತ್ತು. ನಿನ್ನ ದೇವರು ಕೇಳಿಸಿಕೊಳ್ಳುವುದೇ ನಿಜವಾದರೆ ಉತ್ತರ ಯಾಕೆ ಕೊಡುವುದಿಲ್ಲ ಎಂದು ಮಾಮ ಕೇಳಿದರೆ, ಮಗು ಅತ್ತಾಗ ತಾಯಿ ಭಾಷಣ ಮಾಡುವುದಿಲ್ಲ, ಎತ್ತಿಕೊಳ್ಳುತ್ತಾಳೆ ಎಂದು ಅಮ್ಮ ಅನ್ನುತ್ತಿದ್ದಳು. ಎತ್ತಿಕೊಂಡವರನ್ನು ನಾನು ನೋಡಿಲ್ಲ, ಎತ್ತುವುದು ನನ್ನ ಕೆಲಸ, ಅದೂ ಏಳನೆಯ ಮಹಡಿಯವರೆಗೆ ಮಾತ್ರ ಎಂದು ಮಾಮ. ಧ್ವನಿ ಏರುತ್ತಿತ್ತು. ಮೇಜು ಗುದ್ದುತ್ತಿದ್ದರು. ಒಮ್ಮೆ ಅಮ್ಮ ಸಿಟ್ಟಿನಲ್ಲಿ ತಟ್ಟೆಯನ್ನು ಕುಕ್ಕಿದ ರಭಸಕ್ಕೆ ಅದು ಎರಡು ಹೋಳಾಯಿತು. ಪಕ್ಕದ ಮನೆಯವರು ಹೊಸದಾಗಿ ಬಂದಿದ್ದಾಗ, ಇಲ್ಲಿ ಕೊಲೆಯಾಗುತ್ತದೆ ಎಂದು ಹೆದರಿ ಬಾಗಿಲು ಬಡಿದಿದ್ದರು. ಬಾಗಿಲು ತೆರೆದರೆ, ಇಬ್ಬರೂ ಒಂದೇ ಪಾತ್ರೆಯಿಂದ ಊಟ ಬಡಿಸಿಕೊಳ್ಳುತ್ತಿದ್ದರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ನನ್ನ ಅಪ್ಪ ಮಾತ್ರ, ಈ ಇಬ್ಬರ ಪತ್ರಕ್ಕೂ ವಿಳಾಸ ಸರಿಯಿಲ್ಲ ಎಂದು ಹೇಳಿ ಕುರ್ಚಿ ಎತ್ತಿಕೊಂಡು ಬಾಲ್ಕನಿಗೆ ಹೋಗಿಬಿಡುತ್ತಿದ್ದರು.

ಈ ಜಗಳದ ಬೇರು ಒಂದು ಮಧ್ಯಾಹ್ನದ ನಲವತ್ತು ನಿಮಿಷಗಳಲ್ಲಿತ್ತು.

ಆಗ ಅಮ್ಮನಿಗೆ ಇಪ್ಪತ್ತು, ಮಾಮನಿಗೆ ಹನ್ನೊಂದು. ಅವರ ತಂದೆ ಮೊದಲೇ ತೀರಿಕೊಂಡಿದ್ದರು. ತಾಯಿಗೆ ಹೊಟ್ಟೆಯೊಳಗೆ ಏನೋ ಒಡೆದು, ಆಸ್ಪತ್ರೆಯಲ್ಲಿ ನಾಲ್ಕನೆಯ ಮಹಡಿಯ ಆಪರೇಷನ್ ಕೋಣೆಗೆ ಗಾಲಿಮಂಚದಲ್ಲಿ ಒಯ್ಯುತ್ತಿದ್ದರು. ಲಿಫ್ಟಿನಲ್ಲಿ ಮಂಚ, ಒಬ್ಬ ನರ್ಸ್, ಅಮ್ಮ, ಇಷ್ಟಕ್ಕೇ ಜಾಗ. ನೀನು ಮೆಟ್ಟಿಲು ಹತ್ತಿ ಬಾ ಎಂದು ಮಾಮನಿಗೆ ಹೇಳಿದರು. ಲಿಫ್ಟ್ ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ ನಿಂತುಬಿಟ್ಟಿತು. ದೀಪವೂ ಹೋಯಿತು. ರಿಪೇರಿಯವನನ್ನು ಹುಡುಕಿ ಕರೆತಂದು ಬಾಗಿಲು ತೆರೆಸುವಷ್ಟರಲ್ಲಿ ತಾಯಿ ಹೋಗಿಬಿಟ್ಟಿದ್ದಳು.

ಒಳಗೆ ನಡೆದದ್ದನ್ನು ಅಮ್ಮ ನನಗೆ ಹೇಳಿದ್ದಾಳೆ. ಅಜ್ಜಿ ಮೊದಲು ನೋವಿಗೆ ಹಲ್ಲು ಕಚ್ಚಿಕೊಂಡು, ಅಮ್ಮನ ಬೆರಳುಗಳು ಮುರಿಯುವ ಹಾಗೆ ಹಿಡಿದಿದ್ದಳಂತೆ. ಅಮ್ಮ ದೇವರನ್ನು ಕರೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಆ ಹಿಡಿತ ಸಡಿಲವಾಯಿತು. ಅಜ್ಜಿ ಕತ್ತಲೆಯ ಕಡೆ ಮುಖ ತಿರುಗಿಸಿ, ತೀರಾ ಪರಿಚಯದವರನ್ನು ಬಾಗಿಲಲ್ಲಿ ಕಂಡವರ ಹಾಗೆ, “ಬಂದ್ಯಾ” ಅಂದಳಂತೆ. ಆ ಪುಟ್ಟ ಪೆಟ್ಟಿಗೆಯಲ್ಲಿ ನಾವು ಮೂವರೇ ಇರಲಿಲ್ಲ, ನಾಲ್ಕನೆಯವನೂ ಇದ್ದ, ನರ್ಸಿಗೂ ಗೊತ್ತಾಯಿತು ಎನ್ನುತ್ತಿದ್ದಳು ಅಮ್ಮ. ಹೇಳುವಾಗ ಅವಳ ತೋಳಿನ ಕೂದಲು ನಿಮಿರಿ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ.

ಹೊರಗೆ ನಡೆದದ್ದನ್ನು ಮಾಮ ಹೇಳಿದ್ದಾರೆ. ಅವರು ಮೂರನೆಯ ಮಹಡಿಯ ಜಾಲರಿ ಬಾಗಿಲಿಗೆ ಬಾಯಿ ಹಚ್ಚಿ ತಾಯಿಯನ್ನು ಕೂಗಿದರು. ಆಮೇಲೆ ದೇವರನ್ನು ಕೂಗಿದರು. ತನ್ನ ಹತ್ತಿರ ಏನೇನಿದೆಯೋ ಎಲ್ಲ ಕೊಡುತ್ತೇನೆಂದು ಮಾತು ಕೊಟ್ಟರು. ಯಾರೂ ಬರಲಿಲ್ಲ. ಕೊನೆಗೆ ಬಂದವನು ಎಣ್ಣೆ ಕೈಯ ರಿಪೇರಿಯವನು. ಅವನು ಕೈಯೊರೆಸಿಕೊಳ್ಳುತ್ತಾ, ಬ್ರೇಕಿನ ಸ್ಪ್ರಿಂಗು ತುಕ್ಕು ಹಿಡಿದಿತ್ತು, ಹೋದ ತಿಂಗಳೇ ಬದಲಾಯಿಸಬೇಕಾಗಿತ್ತು ಎಂದು ಯಾರಿಗೋ ಹೇಳುತ್ತಿದ್ದುದು ಮಾಮನ ಕಿವಿಗೆ ಬಿತ್ತು. ಜಗತ್ತಿನಲ್ಲಿ ಇರುವುದು ಇಷ್ಟೇ, ಬದಲಾಯಿಸಿದ ಸ್ಪ್ರಿಂಗು ಮತ್ತು ಬದಲಾಯಿಸದ ಸ್ಪ್ರಿಂಗು ಎಂದು ಆ ದಿನವೇ ತೀರ್ಮಾನಿಸಿದೆ ಎನ್ನುತ್ತಿದ್ದರು. ಅವರ ಕಣ್ಣೂ ಆಗ ಬೇರೆಯಾಗುತ್ತಿತ್ತು.

ಇಬ್ಬರೂ ಸುಳ್ಳು ಹೇಳುವವರಲ್ಲ. ನಡುವೆ ಇದ್ದದ್ದು ಒಂದು ಕಬ್ಬಿಣದ ಬಾಗಿಲು.

ಅಮ್ಮ ಅದೇ ಆಸ್ಪತ್ರೆಯಲ್ಲಿ ಹೊಲಿಗೆಯ ಕೆಲಸ ಹಿಡಿದು ತಮ್ಮನನ್ನು ಸಾಕಿದಳು. ಮದುವೆಯಾಗುವಾಗ, ನನ್ನ ಜೊತೆ ತಮ್ಮನೂ ಬರುತ್ತಾನೆ, ಒಪ್ಪಿಗೆಯಾದರೆ ಹೂಂ ಅನ್ನಿ ಎಂದು ಅಪ್ಪನಿಗೆ ಮೊದಲೇ ಹೇಳಿದ್ದಳು. ಮಾಮ ಲಿಫ್ಟಿನ ಕೆಲಸ ಕಲಿತರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಮ್ಮ ಹೋಗುತ್ತಿದ್ದ ಪ್ರಾರ್ಥನಾ ಮಂದಿರದಲ್ಲಿ, ನೂರು ಜನರ ನಡುವೆ ಎದ್ದು ನಿಂತು, ಇಲ್ಲಿ ಹೇಳುವುದನ್ನು ನಾನು ನಂಬುವುದಿಲ್ಲ, ನಂಬುವವನ ಹಾಗೆ ಕೂತಿರಲು ನಾಚಿಕೆಯಾಗುತ್ತದೆ ಎಂದು ಹೇಳಿ ಹೊರಗೆ ನಡೆದರು. ಆಮೇಲೆ ಮಂದಿರದ ಹಿರಿಯರು ಅಮ್ಮನನ್ನು ಕರೆಸಿ, ಹುಡುಗ ತಪ್ಪೊಪ್ಪಿಕೊಳ್ಳುವ ತನಕ ಅವನನ್ನು ಮನೆಯಿಂದ ದೂರವಿಡು ಎಂದರು. ಅಮ್ಮ ಅವರ ಮುಂದೆ ತಲೆ ಎತ್ತಿ ಮಾತಾಡಿದ್ದು ಅದೇ ಮೊದಲು.

“ಅವನು ಹೇಳಿದ್ದು ತಪ್ಪು. ತಪ್ಪು ಅಂತ ನಾನು ಅವನಿಗೆ ದಿನಾ ಹೇಳ್ಬೇಕು. ಅದಕ್ಕೆ ಅವನು ಮನೇಲಿ ಇರ್ಬೇಕಲ್ಲ?”

ಅಮ್ಮ ಮಂದಿರವನ್ನೂ ಬಿಡಲಿಲ್ಲ, ತಮ್ಮನನ್ನೂ ಬಿಡಲಿಲ್ಲ.

ಪ್ರತಿ ಸಂಜೆ ಆರಕ್ಕೆ ಅವಳು ಕಿಟಕಿಯ ಪಕ್ಕದ ಮಣೆಯ ಮೇಲೆ ಕೂತು ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದಳು. ಪುಸ್ತಕದ ಪ್ರಾರ್ಥನೆಯಲ್ಲ, ಅವಳದೇ ಮಾತು. ಮಾಮ ಆಗ ಅದೇ ಕೋಣೆಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದರು. ನಾನು ಇರುವ ಮನೆಯಲ್ಲಿ ನಾನ್ಯಾಕೆ ಎದ್ದು ಹೋಗಲಿ ಎಂಬ ಹಟ. ಪ್ರಾರ್ಥನೆ ಮುಗಿಯುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಮುಗಿದ ಕೂಡಲೇ ಒಂದೊಂದು ವಾಕ್ಯಕ್ಕೂ ತಕರಾರು ತೆಗೆಯುತ್ತಿದ್ದರು. ಆಮೇಲೆ ಅವರು ಎರಡು ಬೀದಿ ಆಚೆ ಬೇರೆ ಕೋಣೆ ಮಾಡಿಕೊಂಡರು. ಮದುವೆಯಾಗಲಿಲ್ಲ. ಗುರುವಾರ ಮಾತ್ರ ತಪ್ಪಲಿಲ್ಲ.

ತಪ್ಪಿದ್ದು ಒಂದೇ ಸಲ, ಅದೂ ನನ್ನ ದೆಸೆಯಿಂದ. ನನಗೆ ಒಂಬತ್ತು ವರ್ಷ. ಪರೀಕ್ಷೆಯ ಹಿಂದಿನ ದಿನ ದೇವರಿಗೆ ಕೈಮುಗಿಯುತ್ತಿದ್ದೆ. ಅಮ್ಮ ಹೊರಗೆ ಹೋಗಿದ್ದಳು. ಮಾಮ ಪಕ್ಕದಲ್ಲಿ ಕೂತು, ಅಲ್ಲಿ ಯಾರೂ ಇಲ್ಲ ಪುಟ್ಟಿ, ನೀನು ಓದಿದ್ದಷ್ಟೇ ಬರುತ್ತದೆ ಎಂದರು. ನಾನು ಆ ರಾತ್ರಿ ಊಟ ಬಿಟ್ಟೆ. ವಿಷಯ ತಿಳಿದಾಗ ಅಮ್ಮ ಕೂಗಾಡಲಿಲ್ಲ. ಕೂಗಾಡದೇ ಇದ್ದದ್ದೇ ನಮಗೆಲ್ಲ ಭಯ ಹುಟ್ಟಿಸಿತು. ಹನ್ನೊಂದು ವಾರ ಇಬ್ಬರಿಗೂ ಮಾತಿರಲಿಲ್ಲ. ಹನ್ನೆರಡನೆಯ ಗುರುವಾರ ಅಮ್ಮನೇ ಎರಡು ಬೀದಿ ದಾಟಿ ತಮ್ಮನ ಕೋಣೆಗೆ ಹೋದಳು, ನನ್ನನ್ನೂ ಎಳೆದುಕೊಂಡು. ನನ್ನ ಬೆನ್ನ ಹಿಂದೆ ಹೇಳಿದ್ದು ತಪ್ಪು, ಹೇಳಿದ್ದೇ ತಪ್ಪು ಅಂತಲ್ಲ ಎಂದಳು. ಅಲ್ಲೇ ಒಂದು ಒಪ್ಪಂದವಾಯಿತು. ನನ್ನ ಮುಂದೆ ದೇವರ ಮಾತು ಆಡುವುದಾದರೆ ಇಬ್ಬರೂ ಇರುವಾಗಲೇ ಆಡಬೇಕು. ಅದರಲ್ಲಿ ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಆದರೆ ಅಂದಿನಿಂದ ಗುರುವಾರದ ಜಗಳಕ್ಕೆ ನಾನೂ ಕೂರತೊಡಗಿದೆ.

ಮಾಮನಿಗೆ ನಲವತ್ತನಾಲ್ಕು ಆದಾಗ, ಒಂದು ಹಳೆಯ ಕಚೇರಿ ಕಟ್ಟಡದಲ್ಲಿ ಲಿಫ್ಟಿನ ಪೆಟ್ಟಿಗೆಯ ತಲೆಯ ಮೇಲೆ ನಿಂತು ತಂತಿಹಗ್ಗ ಪರೀಕ್ಷಿಸುತ್ತಿದ್ದರು. ಗ್ರೀಸ್ ಮೆತ್ತಿದ್ದ ಅಂಚಿನ ಮೇಲೆ ಕಾಲಿಟ್ಟು ಜಾರಿದರು. ತಪ್ಪು ತನ್ನದೇ ಎಂದು ಆಮೇಲೆ ಅವರೇ ಹೇಳಿದರು. ಎರಡು ಮಹಡಿಯಷ್ಟು ಕೆಳಗೆ, ಕಬ್ಬಿಣದ ಕಂಬಿಗಳಿಗೆ ಬಡಿಯುತ್ತಾ ಗುಂಡಿಗೆ ಬಿದ್ದರು. ತಲೆಗೆ ಪೆಟ್ಟು, ಆರು ದಿನ ಎಚ್ಚರವಿಲ್ಲ. ಬದುಕಿದರೆ ಬದುಕಿದರು ಎಂದು ಡಾಕ್ಟರು ಹೇಳಿದ್ದರು.

ಮೂರನೆಯ ದಿನ ಮಂದಿರದ ಹಿರಿಯರು ಏಳೆಂಟು ಜನರ ಜೊತೆ ಆಸ್ಪತ್ರೆಗೆ ಬಂದರು. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. ಹಾಸಿಗೆಯ ಸುತ್ತ ನಿಂತು ಅವನಿಗಾಗಿ ಪ್ರಾರ್ಥಿಸುತ್ತೇವೆ, ಅವನ ಹಣೆ ಮುಟ್ಟಿ ದೇವರ ಕೈಗೆ ಒಪ್ಪಿಸುತ್ತೇವೆ ಎಂದರು. ಅಮ್ಮನಿಗೆ ಅದಕ್ಕಿಂತ ಬೇಕಾದದ್ದು ಈ ಲೋಕದಲ್ಲಿ ಬೇರೆ ಇರಲಿಲ್ಲ. ತಮ್ಮ ಹೀಗೇ ಹೋದರೆ ದೇವರಿಂದ ದೂರವಾಗಿಯೇ ಹೋಗುತ್ತಾನೆ ಎಂದು ಅವಳು ಎದೆಯಾಳದಿಂದ ನಂಬಿದವಳು. ಆ ಮೂರು ದಿನ ಒಂದು ತುತ್ತು ಸರಿಯಾಗಿ ನುಂಗಿರಲಿಲ್ಲ. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅವಳು ಎದ್ದು, ಬಾಗಿಲಿಗೆ ಅಡ್ಡವಾಗಿ ನಿಂತಳು.

“ಒಳಗೆ ಬೇಡ,” ಎಂದಳು. “ಎಚ್ಚರ ಇದ್ದಿದ್ರೆ ಅವನು ಬೇಡ ಅಂತಿದ್ದ. ಬಾಯಿ ಬರದೆ ಮಲಗಿರೋನ ಮೇಲೆ ನಾವು ಗೆಲ್ಲಬಾರದು.”

ಅವನು ಸತ್ತರೆ ಗತಿಯೇನು ಎಂದು ಹಿರಿಯರು ಮೆಲ್ಲಗೆ ಕೇಳಿದರು.

“ಆ ಭಯ ನಿಮಗಿಂತ ನನಗೆ ಜಾಸ್ತಿ ಇದೆ,” ಎಂದಳು ಅಮ್ಮ. “ಬನ್ನಿ, ಹೊರಗೆ ಕೂರೋಣ.”

ವರಾಂಡದ ಬೆಂಚುಗಳ ಮೇಲೆ, ಔಷಧಿ ಗಾಡಿಗಳು ಓಡಾಡುವ ಜಾಗದಲ್ಲಿ ಅವರೆಲ್ಲ ಕೂತು ಪ್ರಾರ್ಥಿಸಿದರು. ಅವರು ಹೋದ ಮೇಲೂ ಅಮ್ಮ ಎದ್ದು ಬರಲಿಲ್ಲ. ಒಳಗೆ ಬಂದಾಗ ಬರೀ ಅಕ್ಕ. ಮುಖ ಒರೆಸುತ್ತಿದ್ದಳು, ಉಗುರು ಕತ್ತರಿಸುತ್ತಿದ್ದಳು, ಹೊದಿಕೆ ಸರಿಮಾಡುತ್ತಿದ್ದಳು. ದೇವರ ಹೆಸರು ಬಾಯಿಗೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದಳು. ಆರು ದಿನದಲ್ಲಿ ಆ ಹೊಸ್ತಿಲನ್ನು ಅವಳು ಎಷ್ಟು ಸಲ ದಾಟಿದಳೋ ನನಗೆ ಲೆಕ್ಕ ಸಿಗಲಿಲ್ಲ. ನನಗೆ ಆಗ ಇಪ್ಪತ್ಮೂರು ವರ್ಷ. ಇಷ್ಟು ದೊಡ್ಡ ಭಯವನ್ನು ಹೊತ್ತುಕೊಂಡು ಒಬ್ಬ ಹೆಂಗಸು ಇಷ್ಟು ಸಣ್ಣ ಮರ್ಯಾದೆಯನ್ನು ಕಾಯಬಹುದು ಎಂದು ನನಗೆ ಗೊತ್ತಿರಲಿಲ್ಲ.

ಮಾಮನಿಗೆ ಎಚ್ಚರವಾದ ಮೇಲೆ ನರ್ಸು ಎಲ್ಲ ಹೇಳಿಬಿಟ್ಟಳು. ಅವರು ಅಮ್ಮನ ಕಡೆ ತಿರುಗಿದರು. ಹಣೆ ಮುಟ್ಟಿ ಪ್ರಾರ್ಥಿಸಿದರೆ ನಾನು ಉಳಿಯುತ್ತೇನೆ ಎಂದು ನಂಬಿದ್ದೂ ಬಿಟ್ಟೆಯಾ ಎಂದು ಕೇಳಿದರು. ಬಿಡಲಿಲ್ಲ, ಹೊರಗೆ ಮಾಡಿದೆ, ಹೊರಗೆ ನನ್ನ ಹಕ್ಕು ಎಂದಳು ಅಮ್ಮ. ಮಾಮ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೇನೋ ಎಂದು ನಾವು ಏಳುವಷ್ಟರಲ್ಲಿ, “ಹಾಗಾದ್ರೆ ಗೋಡೆ ಆಚೆಯಿಂದ ಹೇಳಿದ್ರೂ ನಿನ್ನ ದೇವರಿಗೆ ಕೇಳಿಸುತ್ತೆ ಅಂತಾಯ್ತು. ಮಂದಿರ ಯಾಕೆ ಕಟ್ಟಿದೀರಿ ಮತ್ತೆ?” ಎಂದರು. ಅಮ್ಮ ನಗುತ್ತಾ ಅಳತೊಡಗಿದಳು. ತಮ್ಮ ಪೂರ್ತಿ ವಾಪಸು ಬಂದಿದ್ದಾನೆ ಎಂದು ಅವಳಿಗೆ ಆಗ ನಂಬಿಕೆಯಾಯಿತು.

ಅದಾಗಿ ಹದಿನೈದು ವರ್ಷ. ಅಪ್ಪ ತೀರಿಕೊಂಡಿದ್ದರು, ನಾನು ಅಮ್ಮನ ಜೊತೆಯಲ್ಲೇ ಇದ್ದೆ. ಅರವತ್ತೆಂಟನೆಯ ವಯಸ್ಸಿನಲ್ಲಿ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಬುದ್ಧಿ ಎಳ್ಳಷ್ಟೂ ಮಂಕಾಗಲಿಲ್ಲ. ಎಲ್ಲ ಅರ್ಥವಾಗುತ್ತಿತ್ತು, ಒಂದು ಅಕ್ಷರ ಹೊರಡುತ್ತಿರಲಿಲ್ಲ. ಹಗಲೆಲ್ಲ ಸಮಾಧಾನದಿಂದಿರುತ್ತಿದ್ದಳು. ಸಂಜೆ ಆರು ಗಂಟೆ ಸಮೀಪಿಸಿತೆಂದರೆ ಚಡಪಡಿಕೆ ಶುರು. ಬಾಯಿ ತೆರೆಯುವಳು, ಕತ್ತಿನ ನರ ಉಬ್ಬುವುದು, ಬರೀ ಗಾಳಿ. ಕಣ್ಣಲ್ಲಿ ನೀರು. ಪ್ರಾರ್ಥನೆಗೆ ಎಂದು ತಿಳಿದು ನಾನು ಪುಸ್ತಕದಿಂದ ಓದಿದೆ. ಎಡಗೈ ಅಲ್ಲಾಡಿಸಿ ಬೇಡವೆಂದಳು. ಮಂದಿರದ ಹಿರಿಯರು ಬಂದು ಸೊಗಸಾದ ಮಾತುಗಳಲ್ಲಿ ಪ್ರಾರ್ಥಿಸಿದರು. ಅದಕ್ಕೂ ತಲೆಯಲ್ಲಾಡಿಸಿದಳು. ಅವಳಿಗೆ ಬೇಕಾದದ್ದು ಅವಳ ಮಾತು. ಮಗಳಾದ ನನಗೆ ಅದು ಬರುತ್ತಿರಲಿಲ್ಲ. ಮೂವತ್ತೆಂಟು ವರ್ಷ ನನ್ನ ಕಿವಿಯ ಮೇಲೆ ಬಿದ್ದದ್ದು ಒಳಗೆ ಇಳಿದೇ ಇರಲಿಲ್ಲ.

ಗುರುವಾರ ಮಾಮ ಬಂದರು. ಆರಕ್ಕೆ ಅಮ್ಮನ ಒದ್ದಾಟ ನೋಡಿದರು. ಏನಾಗುತ್ತಿದೆ ಎಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಬೂಟು ಕಳಚಿ, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಗಂಟಲು ಸರಿಮಾಡಿಕೊಂಡರು.

“ಅಕ್ಕ ಹೇಳ್ತಾಳೆ,” ಎಂದರು. ಆಮೇಲೆ ಹೇಳತೊಡಗಿದರು.

“ಅಪ್ಪಾ, ಇವತ್ತೂ ಬಂದಿದೀನಿ, ಬೇಜಾರು ಮಾಡ್ಕೋಬೇಡ. ವಾರ್ಡಲ್ಲಿ ಮಲಗಿರೋರಿಗೆ ಒಂದು ನಿದ್ದೆ ಕೊಡು. ಹೆರಿಗೆ ಕೋಣೇಲಿ ಇರೋರಿಗೆ ಧೈರ್ಯ ಕೊಡು. ಗೇಟಲ್ಲಿ ನಿಂತಿರೋನ ಮಂಡಿನೋವು ನಿನಗೆ ಗೊತ್ತೇ ಇದೆ. ನಾನು ಹೊಲಿದ ಬಟ್ಟೆ ಇವತ್ತು ಯಾರ ಮೈಮೇಲಿದೆಯೋ, ಅವರಿಗೆ ನೀನು ಹೊದಿಕೆಯಾಗು.”

ಒಂದು ಪದ ಆಚೀಚೆಯಾಗಲಿಲ್ಲ. ಅಮ್ಮ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳೋ ಅಲ್ಲೇ ಉಸಿರು, ಎಲ್ಲಿ ಧ್ವನಿ ತಗ್ಗಿಸುತ್ತಿದ್ದಳೋ ಅಲ್ಲೇ ತಗ್ಗು. ಅಷ್ಟು ವರ್ಷ ಆ ಪ್ರಾರ್ಥನೆಯನ್ನು ನಿಜವಾಗಿ ಕೇಳಿಸಿಕೊಂಡಿದ್ದವರು ಈ ಮನೆಯಲ್ಲಿ ಒಬ್ಬರೇ, ಅದನ್ನು ಒಪ್ಪದವರು. ನಾನು ಅಡುಗೆಮನೆಯ ಬಾಗಿಲಲ್ಲಿ ಕೈಯಲ್ಲಿ ಪಾತ್ರೆ ಹಿಡಿದು ಹಾಗೇ ನಿಂತುಬಿಟ್ಟೆ. ಅಮ್ಮನ ಮುಖದ ಸೆಳೆತ ಒಂದೊಂದಾಗಿ ಬಿಡುತ್ತಾ ಬಂತು.

ನಡುವೆ ಒಂದು ಕಡೆ ಮಾಮ ನಿಂತರು. ಮುಂದಿನದು ಅವರ ಬಗ್ಗೆ. ಅವರು ಕಿಟಕಿಯ ಕಡೆ ನೋಡಿದರು, ಕೈ ನೋಡಿಕೊಂಡರು. ಅಮ್ಮ ಎಡಗೈಯಿಂದ ಮಂಚದ ಅಂಚನ್ನು ತಟ್ಟಿದಳು. ಇನ್ನೊಮ್ಮೆ ತಟ್ಟಿದಳು.

“ನನ್ನ ತಮ್ಮನ ಕಣ್ಣಿಗೆ ನೀನು ಬಿದ್ದಿಲ್ಲ,” ಎಂದರು ಮಾಮ. “ತಪ್ಪು ಅವನದೋ ನಿಂದೋ ನನಗೆ ಗೊತ್ತಿಲ್ಲ. ಅವನಾಗಿ ಬರಲ್ಲ, ಹಟಮಾರಿ. ನೀನೇ ಅವನ ಹತ್ತಿರ ಹೋಗು. ಹೋದಾಗ ಗದರಬೇಡ.”

ಕೊನೆಯಲ್ಲಿ ಅಮ್ಮ ಯಾವಾಗಲೂ ‘ಹಾಗೇ ಆಗಲಿ’ ಎನ್ನುತ್ತಿದ್ದಳು. ಮಾಮ ಅದನ್ನು ಹೇಳಲಿಲ್ಲ.

“ಅದು ನನ್ನ ಬಾಯಲ್ಲಿ ಬರಲ್ಲ ಅಕ್ಕ. ಅದನ್ನ ನೀನೇ ಹೇಳ್ಬೇಕು.”

ಅಮ್ಮ ಎಡಗೈ ಎತ್ತಿ ಹಾಸಿಗೆಯ ಮೇಲೆ ಪಟ್ಟನೆ ಬಡಿದಳು. ಹಾಗೆ ಅದು ಮುಗಿಯಿತು.

ಮಾರನೆಯ ದಿನವೂ ಮಾಮ ಬಂದರು. ಅದರ ಮಾರನೆಯ ದಿನವೂ. ಎರಡು ವರ್ಷ ನಾಲ್ಕು ತಿಂಗಳು, ಎಲ್ಲಿ ಯಾವ ಲಿಫ್ಟ್ ಕೆಟ್ಟಿದ್ದರೂ, ಆರಕ್ಕೆ ಹತ್ತು ನಿಮಿಷವಿರುವಾಗ ನಮ್ಮ ಮೆಟ್ಟಿಲಲ್ಲಿ ಅವರ ಏದುಸಿರು ಕೇಳಿಸುತ್ತಿತ್ತು. ದಿನವೂ ‘ಅಕ್ಕ ಹೇಳ್ತಾಳೆ’ ಎಂದೇ ಶುರು. ದಿನವೂ ತನ್ನ ಬಗೆಗಿನ ಆ ನಾಲ್ಕು ಮಾತನ್ನು ತಾನೇ ಹೇಳುವುದು. ದಿನವೂ ಕೊನೆಯಲ್ಲಿ ಅಮ್ಮನ ಕೈ ಬಡಿತ. ಅದು ಮುಗಿದ ಮೇಲೆ, ಬಿಟ್ಟರೆ ಕೆಟ್ಟೆ ಎಂಬಂತೆ, ತಕರಾರು. ಅಮ್ಮನಿಗೆ ಮಾತು ಬಾರದ ಕಾರಣ ಅವಳ ಉತ್ತರವನ್ನೂ ಮಾಮನೇ ಕೊಡಬೇಕಾಗುತ್ತಿತ್ತು. ನೀನು ಇದಕ್ಕೆ ಹೀಗೆ ಹೇಳುತ್ತೀಯ, ಗೊತ್ತು ನನಗೆ ಎಂದು ಹೇಳಿ, ಅವಳ ಪರವಾಗಿ ಒಂದಿನಿತೂ ಕಳ್ಳಾಟವಿಲ್ಲದೆ ವಾದಿಸುತ್ತಿದ್ದರು. ಒಂದು ಸಂಜೆ ಅವಳ ಪರವಾಗಿ ಎಷ್ಟು ಚೆನ್ನಾಗಿ ವಾದಿಸಿದರೆಂದರೆ, ತನ್ನ ಸರದಿ ಬಂದಾಗ ಹೇಳಲು ಏನೂ ಉಳಿಯಲಿಲ್ಲ. ಬಾಯಿ ತೆರೆದು, ಮುಚ್ಚಿ, ತಲೆ ಕೆರೆದುಕೊಂಡರು. ಅಮ್ಮ ಓರೆಯಾದ ಬಾಯಲ್ಲೇ ಮಗುವಿನ ಹಾಗೆ ನಕ್ಕಳು. ನಾಳೆ ನೋಡಿಕೊಳ್ಳುತ್ತೇನೆ ಎಂದು ಮಾಮ ಬೂಟು ಹಾಕಿಕೊಂಡರು.

ನಾನು ಒಮ್ಮೆ ಮೆಟ್ಟಿಲಲ್ಲಿ ಅವರನ್ನು ತಡೆದು ಕೇಳಿದೆ. ಇಷ್ಟು ದಿನ ಹೇಳಿ ಹೇಳಿ ನಿಮಗೂ ಸ್ವಲ್ಪ ನಂಬಿಕೆ ಬಂದಿದೆಯಾ ಎಂದು. ಒಂದು ಕೂದಲಷ್ಟೂ ಇಲ್ಲ ಎಂದರು. ಮತ್ತೆ ಹೇಗೆ ಹೇಳುತ್ತೀರಿ ಎಂದೆ.

“ಅವಳ ಗಂಟಲು ಕೆಟ್ಟಿದೆ. ನಂದು ಸರಿ ಇದೆ,” ಎಂದರು ಮಾಮ. ಲಿಫ್ಟಿನ ಮೋಟರಿನ ಬಗ್ಗೆ ಹೇಳುವ ಹಾಗೆಯೇ ಹೇಳಿದರು. ಆಮೇಲೆ ಎರಡು ಮೆಟ್ಟಿಲು ಇಳಿದು ತಿರುಗಿ, “ಪುಟ್ಟಿ, ದಿನಾ ನನ್ನ ಹೆಸರಲ್ಲಿ ಅಕ್ಕ ಹೀಗೆ ಬೇಡಿಕೊಳ್ಳೋದನ್ನ ಬರೀ ಕೇಳಿಸಿಕೊಂಡಿದ್ದೆ. ಹೇಳಿ ನೋಡಿದಾಗಲೇ ಅದರ ಭಾರ ಗೊತ್ತಾಗಿದ್ದು,” ಎಂದರು.

ಅಮ್ಮ ಹೋದದ್ದು ಒಂದು ಬೆಳಿಗ್ಗೆ, ಹಲ್ಲುಜ್ಜಿಸಿ ಮುಖ ತೊಳೆಸಿದ ಮೇಲೆ. ಸಂಜೆಯ ಹೊತ್ತಿಗೆ ಮನೆ ತುಂಬ ಮಂದಿರದ ಜನ. ಆರು ಗಂಟೆಗೆ ಎಲ್ಲರೂ ಮಾಮನ ಕಡೆ ನೋಡಿದರು. ಅವರು ಆ ಪ್ರಾರ್ಥನೆ ಹೇಳುವ ವಿಷಯ ಅಷ್ಟರಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾಮ ಎದ್ದು ನಿಂತರು. ಕ್ಷಮಿಸಿ, ನನ್ನಿಂದಾಗದು ಎಂದರು. ನನ್ನ ಲೆಕ್ಕದಲ್ಲಿ ಅಕ್ಕ ಈಗ ಇಲ್ಲ, ಇಲ್ಲದವಳು ಹೇಳುತ್ತಾಳೆ ಎಂದರೆ ಸುಳ್ಳಾಗುತ್ತದೆ, ಸುಳ್ಳನ್ನು ಅವಳು ಸಹಿಸುತ್ತಿರಲಿಲ್ಲ ಎಂದರು. ಕೆಲವರು ಮುಖ ಗಂಟಿಕ್ಕಿದರು. ಹಿಂದೆ ಆಸ್ಪತ್ರೆಗೆ ಬಂದಿದ್ದ, ಈಗ ಮುದುಕರಾಗಿದ್ದ ಆ ಹಿರಿಯರು ಮಾತ್ರ ಮಾಮನ ಕೈ ಹಿಡಿದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ತಾವೇ ಪ್ರಾರ್ಥಿಸಿದರು. ಮಾಮ ತುಟಿ ಬಿಚ್ಚದೆ, ತಲೆ ಬಗ್ಗಿಸದೆ, ಕೊನೆಯವರೆಗೆ ಕೇಳಿಸಿಕೊಂಡರು.

ಈಗ ಅವರಿಗೆ ಅರವತ್ತಾರು. ಏಣಿ ಹತ್ತುವ ಕೆಲಸ ಬಿಟ್ಟಿದ್ದಾರೆ. ಗುರುವಾರ ಬರುತ್ತಾರೆ. ನಾನು ಯಾವ ಕಡೆ ಎಂದು ನನಗೇ ಇನ್ನೂ ಗೊತ್ತಿಲ್ಲ. ಹಾಗಾಗಿ ಅವರಿಗೆ ಜಗಳಕ್ಕೆ ಸರಿಯಾದ ಜೊತೆ ಸಿಗುವುದಿಲ್ಲ. ಹೋದ ವಾರ ನಾನು ಏನೋ ಮಾತಿಗೆ, ದೇವರ ವಿಷಯ ಯಾಕೆ ಬಿಡಿ ಮಾಮ, ಅವರವರ ನಂಬಿಕೆ ಅವರವರಿಗೆ ಎಂದೆ. ಅವರು ಲೋಟ ಕೆಳಗಿಟ್ಟು ನನ್ನನ್ನು ದುರುಗುಟ್ಟಿ ನೋಡಿದರು. ನಿನ್ನ ಅಮ್ಮ ಒಂದು ದಿನವಾದರೂ ನನಗೆ ಹಾಗೆ ಹೇಳಿದ್ದಳಾ ಎಂದು ಕೇಳಿದರು. ನಾನು ಇಲ್ಲ ಎಂದೆ. ಕುರ್ಚಿ ಹತ್ತಿರ ಎಳೆದುಕೋ ಎಂದರು. ನಾನು ಎಳೆದುಕೊಂಡೆ.